ಆ ಪೋಸ್ಟ್ ಆಫೀಸ್ ಡ್ರಾಮಾ ಬಗ್ಗೆ, ಕೌಂಟರ್‌ನಲ್ಲಿ ಕೂತಿದ್ದೋನ ಮಾತು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣೀಲಿ ಬ್ರಿಟನ್ನಿನ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಅನ್ನೋ ಟೀವಿ ಡ್ರಾಮಾ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ ಎರಡು ಮಾತು ನಂಗೆ ಸರಿ ಕಾಣ್ಲಿಲ್ಲ, ಅದಕ್ಕೇ ಈ ಪತ್ರ, ಉದ್ದ ಆಯ್ತು ಅನ್ಸಿದ್ರೆ ಕತ್ರಿ ಹಾಕ್ಕೊಳ್ಳಿ. ಒಂದು, ಕಂಪ್ಯೂಟರಿನ ತಪ್ಪು ಲೆಕ್ಕ ನಂಬಿ ಅಲ್ಲಿ ನೂರಾರು ಪೋಸ್ಟ್ ಮಾಸ್ಟ್ರುಗಳಿಗೆ ಶಿಕ್ಷೆ ಆದ ಹಗರಣವನ್ನ ಈ ಡ್ರಾಮಾನೇ ಬಯಲಿಗೆಳೀತು ಅಂದಿದ್ದು. ಇನ್ನೊಂದು, ನಮ್ಮ ಕನ್ನಡದ ಚಾನೆಲ್ಲಿನೋರು, ಓಟಿಟಿಯೋರು ಇದೇ ಥರ ನಮ್ಮ ರಾಜಕಾರಣಿಗಳ ಹಗರಣಗಳನ್ನ ಧೈರ್ಯವಾಗಿ ತೆಗೀಬೇಕು ಅಂದಿದ್ದು. ತೆಗೀಲಿ, ಬೇಡ ಅಂದೋರ್ಯಾರು. ಆದ್ರೆ ಆ ಡ್ರಾಮಾದಲ್ಲಿ ಧೈರ್ಯ ಅನ್ನೋದು ಎಲ್ಲಿದೆ ಅಂತ ಲೇಖನ ಬರೆದೋರು ನೋಡಿದ ಹಾಗೆ ಕಾಣ್ಲಿಲ್ಲ.

ನಾನು ಅಂಚೆ ಇಲಾಖೇಲಿದ್ದು ರಿಟೈರ್ ಆದೋನು, ಕೌಂಟರಲ್ಲಿ ಕೂತು ಸಂಜೆ ಲೆಕ್ಕ ಕೊಟ್ಟು ಮನೆಗೆ ಹೋಗ್ತಿದ್ದೋನು. ಹಾಗಾಗಿ ಈ ಕಥೇಲಿ ಬೇರೆಯೋರಿಗೆ ಬೋರ್ ಹೊಡೆಸೋ ಜಾಗದಲ್ಲೇ ನಂಗೆ ಮೈ ಜುಂ ಅಂದಿದ್ದು.

ಮೊದಲು ತಾರೀಖುಗಳನ್ನ ಹೇಳ್ಬಿಡ್ತೀನಿ. ಡ್ರಾಮಾ ಐಟಿವಿಲಿ ಬಂದಿದ್ದು 2024ರ ಜನವರಿ 1ರಿಂದ 4ರ ತನಕ, ದಿನಕ್ಕೊಂದರ ಹಾಗೆ ನಾಲ್ಕು ಎಪಿಸೋಡು. ಕಂಪ್ಯೂಟರ್ ವೀಕ್ಲಿ ಅನ್ನೋ ಪತ್ರಿಕೆ ಏಳು ಜನ ಪೋಸ್ಟ್ ಮಾಸ್ಟ್ರುಗಳ ಕಥೆ ಛಾಪಿಸಿದ್ದು 2009ರ ಮೇ ತಿಂಗಳಲ್ಲಿ. ಬಿಬಿಸಿಯ ಪನೋರಮಾದಲ್ಲಿ ಬಂದಿದ್ದು 2015ರಲ್ಲಿ. ಸಾಫ್ಟ್‌ವೇರಲ್ಲೇ ದೋಷ ಇತ್ತು ಅಂತ ಹೈಕೋರ್ಟ್ ಜಡ್ಜ್ ಫ್ರೇಸರ್ ತೀರ್ಪು ಕೊಟ್ಟಿದ್ದು 2019ರ ಡಿಸೆಂಬರ್‌ನಲ್ಲಿ. ಅಪೀಲು ಕೋರ್ಟು ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿದ್ದು 2021ರ ಏಪ್ರಿಲ್ 23ಕ್ಕೆ. ಅಂದ್ರೆ ಹೊಸ ವರ್ಷದ ದಿನ ಟೀವಿ ಆನ್ ಆಗೋ ಹೊತ್ತಿಗೆ ಬಯಲಿಗೆ ಬರ್ಬೇಕಾದ್ದೆಲ್ಲ ಬಂದಾಗಿತ್ತು, ಕೋರ್ಟು ಬರೆದಾಗಿತ್ತು, ಸರ್ಕಾರದ ವಿಚಾರಣಾ ಆಯೋಗ ಕೂತಾಗಿತ್ತು, ಪತ್ರಿಕೆಯೋರು ಬರೆದು ಬರೆದು ಸುಸ್ತಾಗಿದ್ರು. ಆದ್ರೂ ಒಬ್ಬ ಮಂತ್ರಿಗೂ ಅರ್ಜೆಂಟ್ ಅನ್ನಿಸಿರ್ಲಿಲ್ಲ. ಒಂದು ಕೋಟಿಗೂ ಜಾಸ್ತಿ ಜನ ಮನೇಲಿ ಕೂತು ನೋಡಿದ್ರು ನೋಡಿ, ಡ್ರಾಮಾ ಮುಗಿದ ಆರನೇ ದಿನಕ್ಕೆ, ಜನವರಿ 10ಕ್ಕೆ, ನಮ್ಮ ಬೆಂಗಳೂರಿನ ಅಳಿಯ ಅಂತ ನಾವೇ ಕರೀತಿದ್ದ ರಿಷಿ ಸುನಕ್ ಪಾರ್ಲಿಮೆಂಟಲ್ಲಿ ಎದ್ದು ನಿಂತು ಎಲ್ಲರ ಶಿಕ್ಷೆ ರದ್ದು ಮಾಡೋಕೆ ಕಾನೂನೇ ತರ್ತೀವಿ ಅಂದ್ರು. ಇದನ್ನ ಟೀವಿಯ ಶಕ್ತಿ ಅಂತ ಹೊಗಳೋಕೆ ನಂಗೆ ಮನಸ್ಸು ಬರಲ್ಲ. ಜಡ್ಜ್ ಬರೆದ ನೂರಾರು ಪುಟಕ್ಕೆ ಅಲ್ಲಾಡದ ಕುರ್ಚಿ ನಾಲ್ಕು ಎಪಿಸೋಡಿಗೆ ಅಲ್ಲಾಡ್ತು ಅಂದ್ರೆ ಆ ಕುರ್ಚಿ ಮೇಲೆ ಕೂತೋರಿಗೆ ನಾಚಿಕೆ ಆಗ್ಬೇಕು, ಟೀವಿಯೋರಿಗೆ ಹೆಮ್ಮೆ ಆಮೇಲೆ.

ಲೇಖನದಲ್ಲಿ ಹಗರಣ ಏನು ಅಂತ ಎರಡೇ ಸಾಲಲ್ಲಿ ಮುಗಿಸಿದಾರೆ, ಹಾಗಾಗಿ ಓದಿದೋರಿಗೆ 'ಏನೋ ಸಾಫ್ಟ್‌ವೇರ್ ಪ್ರಾಬ್ಲಂ' ಅನ್ಸಿರತ್ತೆ. ಅಲ್ಲಿನ ಪೋಸ್ಟ್ ಆಫೀಸು ಪೂರ್ತಿ ಸರ್ಕಾರದ ಒಡೆತನದ ಕಂಪನಿ. ಆದ್ರೆ ಹಳ್ಳಿ, ಬಡಾವಣೆಗಳಲ್ಲಿ ಕೌಂಟರ್ ನಡೆಸೋ ಸಬ್ ಪೋಸ್ಟ್ ಮಾಸ್ಟ್ರುಗಳು ನೌಕರರಲ್ಲ, ಕಾಂಟ್ರಾಕ್ಟ್ ಮೇಲೆ ಇರೋರು, ಸ್ವಂತ ದುಡ್ಡು ಹಾಕಿ ಅಂಗಡಿ ತಗೊಂಡು ಅದರ ಒಂದು ಮೂಲೇಲಿ ಪೋಸ್ಟ್ ಆಫೀಸ್ ಇಟ್ಕೊಂಡಿರ್ತಾರೆ. ನಮ್ಮ ಬ್ರಾಂಚ್ ಆಫೀಸಿನ ಗ್ರಾಮೀಣ ಡಾಕ್ ಸೇವಕರ ಥರಾನೇ ಅನ್ನಿ, ಅವರೂ ಪೂರಾ ನೌಕರರಲ್ಲ, ಆಫೀಸಿಗೆ ಜಾಗಾನೂ ಅವರೇ ಕೊಡ್ಬೇಕು. 1999-2000ದಲ್ಲಿ ಈ ಕೌಂಟರುಗಳಿಗೆಲ್ಲ ಹೊರೈಜನ್ ಅನ್ನೋ ಕಂಪ್ಯೂಟರ್ ಸಿಸ್ಟಂ ಬಂತು, ಮಾಡಿದ್ದು ಜಪಾನಿನ ಫುಜಿತ್ಸು ಒಡೆತನದ ಐಸಿಎಲ್. ಅದು ಮೊದಲು ಪಿಂಚಣಿ ಮತ್ತೆ ಸರ್ಕಾರಿ ಭತ್ಯೆಗಳನ್ನ ಕಾರ್ಡಲ್ಲಿ ಕೊಡೋಕೆ ಅಂತ ಶುರುವಾದ ದೊಡ್ಡ ಯೋಜನೆ, ಆ ಕಾರ್ಡಿನ ಭಾಗ ನೆಲ ಕಚ್ಚಿ 1999ರಲ್ಲಿ ಕೈಬಿಟ್ರು, ಉಳಿದಿದ್ದನ್ನ ಪೋಸ್ಟ್ ಆಫೀಸಿನ ತಲೆಗೆ ಕಟ್ಟಿದ್ರು. ಅಲ್ಲಿಂದ ಶುರು. ಸಂಜೆ ಲೆಕ್ಕ ಹಾಕಿದ್ರೆ ಕ್ಯಾಶ್ ಶಾರ್ಟ್. ಕಾಂಟ್ರಾಕ್ಟಲ್ಲಿ ಶಾರ್ಟ್ ಬಂದ್ರೆ ನೀವೇ ಕಟ್ಟಿ ಅಂತ ಇದೆ ಅನ್ನೋದು ಪೋಸ್ಟ್ ಆಫೀಸಿನೋರ ವಾದ. ಕಟ್ಟಿದ್ರು. ಕಟ್ಟೋಕಾಗದೋರ ಮೇಲೆ ಕಳ್ಳತನದ ಕೇಸು, ಸುಳ್ಳು ಲೆಕ್ಕದ ಕೇಸು. ಪೊಲೀಸಿಗೂ ಹೋಗ್ಬೇಕಿರ್ಲಿಲ್ಲ, ಕೇಸು ಹಾಕೋಕೆ ಪೋಸ್ಟ್ ಆಫೀಸಿಗೆ ತನ್ನದೇ ತನಿಖಾ ಅಧಿಕಾರಿಗಳು, ತನ್ನದೇ ವಕೀಲರು. ಸುಮಾರು ಹದಿನೈದು ವರ್ಷದಲ್ಲಿ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆ ಆಯ್ತು, ಅದರಲ್ಲಿ 700ಕ್ಕೂ ಹೆಚ್ಚು ಕೇಸು ಪೋಸ್ಟ್ ಆಫೀಸೇ ನಿಂತು ಹಾಕಿದ್ದು. ದೂರು ಕೊಟ್ಟೋನು, ನಷ್ಟ ಆಯ್ತು ಅನ್ನೋನು, ತನಿಖೆ ಮಾಡೋನು, ಕೋರ್ಟಲ್ಲಿ ವಾದ ಮಾಡ್ಸೋನು ಎಲ್ಲಾ ಒಬ್ಬನೇ.

ಡ್ರಾಮಾದಲ್ಲಿ ಜೋ ಹ್ಯಾಮಿಲ್ಟನ್ ಅನ್ನೋ ಹೆಂಗಸಿನ ದೃಶ್ಯ ಒಂದಿದೆ. ಹ್ಯಾಂಪ್‌ಶೈರ್‌ನ ಸೌತ್ ವಾರ್ನ್‌ಬರೋ ಅನ್ನೋ ಸಣ್ಣ ಊರಲ್ಲಿ ಅಂಗಡಿ ಇಟ್ಕೊಂಡೋರು, ನಿಜವಾಗ್ಲೂ ಇರೋರು. ಲೆಕ್ಕದಲ್ಲಿ ಎರಡು ಸಾವಿರ ಪೌಂಡ್ ಶಾರ್ಟ್ ತೋರಿಸ್ತಿದೆ, ಹೆಲ್ಪ್‌ಲೈನಿಗೆ ಫೋನ್ ಮಾಡ್ತಾರೆ, ಆ ಕಡೆಯೋರು ಇದನ್ನ ಒತ್ತಿ ಅದನ್ನ ಒತ್ತಿ ಅಂತಾರೆ, ಒತ್ತಿದ ತಕ್ಷಣ ಕಣ್ಣೆದುರಿಗೇ ಶಾರ್ಟು ಡಬಲ್ ಆಗಿ ನಾಲ್ಕು ಸಾವಿರ ಆಗ್ಬಿಡತ್ತೆ. ಫೋನು ಕಿವೀಲೇ ಇದೆ. ಇದು ಕಥೆಗಾರರು ಸೇರ್ಸಿದ ಮಸಾಲೆ ಅಲ್ಲ, ಆದದ್ದೇ ಹಾಗೆ. ಆಮೇಲೆ ಮನೆ ಅಡ ಇಟ್ಟು ದುಡ್ಡು ಕಟ್ಟಿದ್ರು, ಊರಿನೋರೂ ಕೈಲಾದ್ದು ಹಾಕಿದ್ರು, 36 ಸಾವಿರ ಪೌಂಡ್ ಕದ್ದಿದಾರೆ ಅಂತ ಕೇಸು ಬಿತ್ತು, ಕಳ್ಳತನದ ಆರೋಪ ಬಿಡ್ತೀವಿ, ಸುಳ್ಳು ಲೆಕ್ಕ ಬರೆದೆ ಅಂತ ಒಪ್ಕೊ, ಆದ್ರೆ ಹೊರೈಜನ್ ಬಗ್ಗೆ ಕೋರ್ಟಲ್ಲಿ ತುಟಿ ಬಿಚ್ಚಬಾರ್ದು ಅಂತ ಷರತ್ತು. ಒಪ್ಕೊಂಡ್ರು. ಶಿಕ್ಷೆಯ ದಿನ ಕೋರ್ಟಿಗೆ ಊರಿಗೂರೇ ಬಂದು ನಿಂತಿತ್ತು, ಆ ಭಾಗ ನೋಡ್ಬೇಕಾದ್ರೆ ಗಂಟಲು ಕಟ್ಟತ್ತೆ. ಮೋನಿಕಾ ಡೋಲನ್ ಅನ್ನೋ ನಟಿ ಮಾಡಿದಾರೆ, ಪಾತ್ರ ಅಂತ ಅನ್ಸೋದೇ ಇಲ್ಲ.

ಇದು ನಂಗೆ ಯಾಕೆ ನಾಟ್ತು ಅಂದ್ರೆ, ಲೆಕ್ಕ ಟ್ಯಾಲಿ ಆಗದ ಸಂಜೆ ಹೇಗಿರತ್ತೆ ಅಂತ ಕೌಂಟರಿನೋರಿಗೇ ಗೊತ್ತು. ನಾವು ಕೈಬರಹದ ಕಾಲದಲ್ಲಿ ಸೇರಿದೋರು. ಎಸ್‌ಬಿ ಲಾಂಗ್ ಬುಕ್ಕು, ಆರ್‌ಡಿ ಜರ್ನಲ್ಲು, ಮನಿ ಆರ್ಡರ್ ರಸೀದಿ, ಸ್ಟಾಂಪಿನ ಬ್ಯಾಲೆನ್ಸು, ಎಲ್ಲಾ ಟೇಬಲ್ ಮೇಲೆ ಹರಡ್ಕೊಂಡು ಮೇಲಿಂದ ಕೆಳಕ್ಕೆ ಒಂದ್ಸಲ, ಕೆಳಗಿಂದ ಮೇಲಕ್ಕೆ ಒಂದ್ಸಲ ಕೂಡ್ತಾ ಇದ್ವಿ. ವ್ಯತ್ಯಾಸ ಬಂದ್ರೆ ಮೊದಲು ಒಂಬತ್ತರಿಂದ ಭಾಗ ಮಾಡಿ ನೋಡು ಅಂತ ಹಳೇ ಪೋಸ್ಟ್ ಮಾಸ್ಟ್ರು ಹೇಳ್ಕೊಡ್ತಿದ್ರು, 450 ರೂಪಾಯಿ ವ್ಯತ್ಯಾಸ ಅಂದ್ರೆ ಒಂಬತ್ತರಿಂದ ಭಾಗ ಆಗತ್ತೆ, ಹಾಗಾದ್ರೆ ಯಾರೋ 270 ಅನ್ನೋದನ್ನ 720 ಅಂತ ಬರೆದಿರ್ಬೇಕು, ಅಂಕಿ ಹಿಂದುಮುಂದಾಗಿದೆ ಅಂತ ಹುಡುಕೋದು. ಸಿಕ್ಕಿದ್ರೆ ಎಲ್ಲರೂ ನಕ್ಕೊಂಡು ಒಂದು ಟೀ ಕುಡ್ದು ಮನೆಗೆ. ಸಿಗದಿದ್ರೆ ಶಾರ್ಟನ್ನ ಯುಸಿಪಿ ಅನ್ನೋ ಬಾಬ್ತಿಗೆ (ವರ್ಗೀಕರಿಸದ ಪಾವತಿ) ಹಾಕ್ಬೇಕು, ಜಾಸ್ತಿ ಬಂದಿದ್ರೆ ಯುಸಿಆರ್‌ಗೆ (ವರ್ಗೀಕರಿಸದ ಜಮಾ), ಎರಡಕ್ಕೂ ಕಾರಣ ಬರ್ಕೊಡ್ಬೇಕು. ಹೊರಗಿನೋರಿಗೆ ಇದೆಲ್ಲ ಸಣ್ಣ ವಿಷಯ. ಆದ್ರೆ ಗಮನಿಸಿ, ತಪ್ಪು ಯಾರದ್ದು ಅಂತ ಕೈಬರಹವೇ ಹೇಳ್ತಿತ್ತು, ಕಾಗದ ನಮ್ಮ ಕಣ್ಮುಂದೆ ಇರ್ತಿತ್ತು, ನಂದಲ್ಲ ಅಂತ ತೋರಿಸೋಕೆ ಬೆರಳಿಡೋಕೆ ಒಂದು ಜಾಗ ಇರ್ತಿತ್ತು.

ಹೊರೈಜನ್ನಿನ ಪೋಸ್ಟ್ ಮಾಸ್ಟ್ರಿಗೆ ಆ ಬೆರಳಿಡೋ ಜಾಗಾನೇ ಇರ್ಲಿಲ್ಲ. ಪರದೆ ಮೇಲೆ ಒಂದು ಅಂಕಿ, ಅದಷ್ಟೇ. ಒಳಗಿನ ಲೆಕ್ಕ ಇವರಿಗೆ ಕಾಣಲ್ಲ. ನೀನೊಬ್ಬನೇ ಹೀಗೆ ಹೇಳ್ತಿರೋದು, ಬೇರೆ ಯಾರಿಗೂ ತೊಂದ್ರೆ ಇಲ್ಲ ಅಂತ ಒಬ್ಬೊಬ್ಬರಿಗೂ ಹೇಳಿದ್ರು. ನೂರಾರು ಜನಕ್ಕೆ ನೀನೊಬ್ಬನೇ ಅಂತ! ಸಂಬಳ ತಗೊಂಡು ಇದನ್ನ ಹೇಳೋಕೆ ಎಷ್ಟು ತಣ್ಣನೆ ಮನಸ್ಸು ಬೇಕು ನೋಡಿ. ಜನ ನಾಚಿಕೆಯಿಂದ ಒಬ್ಬರಿಗೊಬ್ಬರು ಹೇಳ್ಕೊಳ್ಳಲೂ ಇಲ್ಲ, ಅಂಗಡಿ ಮುಚ್ಚಿ ಊರು ಬಿಟ್ರು. ವೇಲ್ಸ್‌ನ ಲಂಡುಡ್ನೋದಲ್ಲಿ ಕೌಂಟರ್ ಇಟ್ಕೊಂಡಿದ್ದ ಆಲನ್ ಬೇಟ್ಸ್ ಒಬ್ರು ಮಾತ್ರ ಮೊದಲಿಂದಾನೂ ನಾನು ಕಟ್ಟಲ್ಲ, ಸಿಸ್ಟಂ ತೋರ್ಸಿ ಅಂತ ಕಾಗದ ಬರೀತಾ ಬರೀತಾ ಕೂತ್ರು, 2003ರಲ್ಲಿ ಅವರ ಕಾಂಟ್ರಾಕ್ಟ್ ಕಿತ್ಕೊಂಡ್ರು. ಆರು ವರ್ಷ ಆದ್ಮೇಲೆ 2009ರಲ್ಲಿ ಫೆನ್ನಿ ಕಾಂಪ್ಟನ್ ಅನ್ನೋ ಹಳ್ಳಿಯ ಸಮುದಾಯ ಭವನದಲ್ಲಿ ಇಂಥೋರನ್ನೆಲ್ಲ ಮೊದಲ ಸಲ ಸೇರ್ಸಿದ್ರು. ಟೋಬಿ ಜೋನ್ಸ್ ಮಾಡಿರೋ ಪಾತ್ರ ಅದೇ. ಕೂಗಾಟ ಇಲ್ಲ, ಡೈಲಾಗ್ ಇಲ್ಲ, ಗಡ್ಡದ ಮನುಷ್ಯ ಫೈಲು ಹಿಡ್ಕೊಂಡು ಓಡಾಡ್ತಿರ್ತಾನೆ ಅಷ್ಟೇ. ನಮ್ಮಲ್ಲಾದ್ರೆ ಇಂಟರ್ವಲ್ಲಿಗೆ ಮುಂಚೆ ಒಂದು ಕೆನ್ನೆಗೆ ಬಾರಿಸೋ ಸೀನ್ ಹಾಕಿರೋರು.

ಇನ್ನೊಂದು ಭಾಗ ಇದೆ, ಅದನ್ನಂತೂ ಎರಡು ಸಲ ನೋಡಿದೆ. ಮೈಕಲ್ ರಡ್ಕಿನ್ ಅಂತ, ಪೋಸ್ಟ್ ಮಾಸ್ಟ್ರುಗಳ ಸಂಘದ ಪದಾಧಿಕಾರಿ. 2008ರ ಆಗಸ್ಟಲ್ಲಿ ಬ್ರಾಕ್ನೆಲ್‌ನ ಫುಜಿತ್ಸು ಆಫೀಸಿಗೆ ಹೋಗ್ತಾರೆ, ಅಲ್ಲಿನ ನೆಲಮಾಳಿಗೇಲಿ ಒಬ್ಬ ಸಿಬ್ಬಂದಿ, ನೋಡಿ ನಾವು ಇಲ್ಲಿಂದಲೇ ಯಾವುದೋ ಪೋಸ್ಟ್ ಆಫೀಸಿನ ಲೈವ್ ಲೆಕ್ಕ ಬದಲಾಯಿಸ್ಬೋದು ಅಂತ ತೋರಿಸ್ತಾನೆ. ಹೊರಗಿನಿಂದ ಯಾರೂ ಲೆಕ್ಕ ಮುಟ್ಟೋಕಾಗಲ್ಲ ಅಂತ ಅಷ್ಟು ವರ್ಷ ಕೋರ್ಟಲ್ಲಿ ಹೇಳ್ಕೊಂಡು ಬಂದಿದ್ರಲ್ಲ, ಅದು ಸುಳ್ಳು ಅನ್ನೋದಕ್ಕೆ ಕಣ್ಣಾರೆ ಸಾಕ್ಷಿ. ಮಾರನೇ ದಿನ ಬೆಳಗ್ಗೆ ರಡ್ಕಿನ್ ಅವರ ಸ್ವಂತ ಪೋಸ್ಟ್ ಆಫೀಸಿಗೆ ಆಡಿಟ್‌ನೋರು ಬಂದು 44 ಸಾವಿರ ಪೌಂಡ್ ಶಾರ್ಟ್ ಅಂದ್ರು. ಕೌಂಟರ್ ನೋಡ್ಕೊತಿದ್ದ ಅವರ ಹೆಂಡತಿಗೆ ಶಿಕ್ಷೆ ಆಯ್ತು. ಅಂಥ ಭೇಟಿ ನಡೆದೇ ಇಲ್ಲ ಅಂತ ಪೋಸ್ಟ್ ಆಫೀಸು ವರ್ಷಗಟ್ಟಲೆ ವಾದಿಸ್ತು, ಆಮೇಲೆ ಇಮೇಲ್ ಸಿಕ್ತು.

ಈಗ ರಾಜಕೀಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ತಕರಾರು ಡ್ರಾಮಾ ಮೇಲೂ ಇದೆ. ಇದು ರಾಜಕೀಯ ಹಗರಣ ಅಂತಾರೆ, ಸರಿ, ಆದ್ರೆ ರಾಜಕಾರಣಿಗಳು ಇದರಲ್ಲಿ ಸುಲಭವಾಗಿ ತಪ್ಪಿಸ್ಕೊಂಡಿದಾರೆ. ಪೋಸ್ಟ್ ಮಾಸ್ಟ್ರುಗಳ ಪರ ನಿಂತ ಸಂಸದ ಜೇಮ್ಸ್ ಆರ್ಬತ್ನಾಟ್ ಅವರಿಗೆ ಒಳ್ಳೇ ಜಾಗ ಇದೆ, ಅದು ನ್ಯಾಯಾನೇ. ನಾದಿಂ ಜಹಾವಿ ಅನ್ನೋ ರಾಜಕಾರಣಿ ತಮ್ಮ ಪಾತ್ರ ತಾವೇ ಮಾಡಿದಾರೆ, ಪಾರ್ಲಿಮೆಂಟ್ ಸಮಿತೀಲಿ ಪ್ರಶ್ನೆ ಕೇಳೋ ಸೀನು (ನಮ್ಮೋರು ಯಾರಾದ್ರೂ ಹೀಗೆ ಬಂದು ನಟಿಸ್ತೀನಿ ಅಂದ್ರೆ ಮೊದಲು ಕಟೌಟ್ ಅಳತೆ ಕೇಳ್ತಾರೆ). ಆದ್ರೆ ಮಂತ್ರಿಗಳೆಲ್ಲಿ? ಹೊರೈಜನ್ ಬಂದಾಗ ಲೇಬರ್ ಸರ್ಕಾರ, 2010ರ ನಂತರ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಮೈತ್ರಿ, 2015ರಿಂದ 2024ರ ತನಕ ಕನ್ಸರ್ವೇಟಿವ್ ಒಬ್ಬರೇ. ಮೂರು ಪಕ್ಷದೋರೂ ಅಂಚೆ ಖಾತೆ ನೋಡ್ಕೊಂಡಿದಾರೆ. 2010ರಲ್ಲಿ ಆ ಖಾತೆ ಮಂತ್ರಿ ಆಗಿದ್ದ ಎಡ್ ಡೇವಿಗೆ ಬೇಟ್ಸ್ ಪತ್ರ ಬರೆದು ಭೇಟಿಗೆ ಸಮಯ ಕೇಳಿದ್ರೆ, ಭೇಟಿಯಿಂದ ಉಪಯೋಗ ಏನೂ ಇಲ್ಲ ಅನ್ನೋ ಅರ್ಥದ ಉತ್ತರ ಬಂತು. ಆಮೇಲೆ ಆ ವರ್ಷವೇ ಭೇಟಿ ಮಾಡಿದ್ರು ಅನ್ನಿ, ಆದ್ರೂ ಏನೂ ಆಗ್ಲಿಲ್ಲ. 2024ರಲ್ಲಿ ಡ್ರಾಮಾ ಬಂದಾಗ ಅವರು ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ, ಪೋಸ್ಟ್ ಆಫೀಸಿನೋರು ನಂಗೆ ಸುಳ್ಳು ಹೇಳಿದ್ರು ಅಂದ್ರು, ಕೊನೆಗೆ ಕ್ಷಮೆ ಕೇಳಿದ್ರು. ಮಂತ್ರಿ ಆದೋರೆಲ್ಲ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ: ಕಂಪನಿ ಸರ್ಕಾರದ್ದು, ಆದ್ರೆ ನಿರ್ವಹಣೆ ನಮ್ಮದಲ್ಲ. ಲಾಭ ಬಂದ್ರೆ ಒಡೆಯ, ಜೈಲಿಗೆ ಕಳಿಸಿದಾಗ ಮಾತ್ರ ಪಕ್ಕದ ಮನೆಯೋನು.

ಡ್ರಾಮಾದ ಕೋಪ ಪೂರ್ತಿ ಬಿದ್ದಿದ್ದು ಪೌಲಾ ವೆನೆಲ್ಸ್ ಮೇಲೆ. 2012ರಿಂದ 2019ರ ತನಕ ಪೋಸ್ಟ್ ಆಫೀಸಿನ ಮುಖ್ಯಸ್ಥೆ, ಚರ್ಚಿನ ಪಾದ್ರಿಯೂ ಹೌದು. ಹೈಕೋರ್ಟ್ ಕೇಸು ನಡೀತಿರೋ ಹೊತ್ತಲ್ಲೇ, 2019ರ ಹೊಸ ವರ್ಷಕ್ಕೆ, ಅವರಿಗೆ ಸಿಬಿಇ ಅನ್ನೋ ಸರ್ಕಾರಿ ಗೌರವ ಕೊಟ್ಟಿದ್ರು. ಡ್ರಾಮಾ ನೋಡಿದ ಜನ ಅದನ್ನ ವಾಪಸ್ ತಗೊಳ್ಳಿ ಅಂತ ಹತ್ತು ಲಕ್ಷಕ್ಕೂ ಮೇಲೆ ಸಹಿ ಹಾಕಿದ್ರು, ಜನವರಿ 9ಕ್ಕೆ ಅವರೇ ವಾಪಸ್ ಕೊಡ್ತೀನಿ ಅಂದ್ರು. ಆಯೋಗದ ಮುಂದೆ ಅತ್ರು, ನಾನು ಜನರನ್ನ ಅತಿಯಾಗಿ ನಂಬಿಬಿಟ್ಟೆ ಅಂದ್ರು. ಸರಿ, ಅವರ ಹೊಣೆ ಏನು ಅಂತ ಆಯೋಗ, ಪೊಲೀಸು ಹೇಳ್ಲಿ. ನಾನು ಹೇಳೋದು, ಒಂದು ಮುಖ ಸಿಕ್ಕಿತು ಅಂತ ಜನರ ಸಿಟ್ಟೆಲ್ಲ ಅಲ್ಲಿಗೇ ಹೋಯ್ತು, ಅವರಿಗಿಂತ ಮುಂಚಿನ ಹತ್ತು ಹನ್ನೆರಡು ವರ್ಷ ಅಧಿಕಾರದಲ್ಲಿದ್ದೋರು, ಫುಜಿತ್ಸುನಲ್ಲಿದ್ದೋರು, ಕಾನೂನು ವಿಭಾಗದೋರು ಆರಾಮಾಗಿ ಉಳ್ಕೊಂಡ್ರು. 2013ರಲ್ಲೇ ಪೋಸ್ಟ್ ಆಫೀಸಿಗೆ ಅದರದ್ದೇ ಕಡೆಯ ಬ್ಯಾರಿಸ್ಟರ್ ಒಬ್ರು, ಸಾಫ್ಟ್‌ವೇರ್ ಪರ ಸಾಕ್ಷಿ ಹೇಳಿದ ಫುಜಿತ್ಸು ಎಂಜಿನಿಯರ್ ತನಗೆ ಗೊತ್ತಿದ್ದ ದೋಷಗಳನ್ನ ಕೋರ್ಟಿಗೆ ತಿಳಿಸಿಲ್ಲ ಅಂತ ಬರೆದು ಕೊಟ್ಟಿದ್ರು. ಆ ಕಾಗದ ಶಿಕ್ಷೆ ಆದೋರ ಕೈಗೆ ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಅಷ್ಟರಲ್ಲಿ ಲೆಕ್ಕ ತಪಾಸಣೆಗೆ ಅಂತ ಪೋಸ್ಟ್ ಆಫೀಸೇ ಕರೆಸಿದ್ದ ಸೆಕೆಂಡ್ ಸೈಟ್ ಸಂಸ್ಥೆಯನ್ನ, ಅವರು ಸತ್ಯದ ಹತ್ತಿರ ಹೋಗ್ತಿದ್ದ ಹಾಗೇ, 2015ರಲ್ಲಿ ಮನೆಗೆ ಕಳಿಸಿದ್ರು. ಹೈಕೋರ್ಟಲ್ಲಿ ತೀರ್ಪು ತಮ್ಮ ವಿರುದ್ಧ ಹೋಗೋದು ಕಂಡ ಕೂಡ್ಲೇ ಜಡ್ಜನ್ನೇ ಬದಲಾಯಿಸಿ ಅಂತ ಅರ್ಜಿ ಹಾಕಿದ್ರು! ಅದೇ ಜಡ್ಜು ಆಮೇಲೆ, ಪೋಸ್ಟ್ ಆಫೀಸಿನ ವಾದ ಇವತ್ತಿನ ಕಾಲದಲ್ಲಿ ಭೂಮಿ ಚಪ್ಪಟೆ ಇದೆ ಅಂದ ಹಾಗೆ ಅಂತ ಬರೆದ್ರು. 555 ಜನ ಹಾಕಿದ್ದ ಆ ಕೇಸು 5 ಕೋಟಿ 77 ಲಕ್ಷ ಪೌಂಡಿಗೆ ರಾಜಿ ಆಯ್ತು, ವಕೀಲರಿಗೆ, ಕೇಸಿಗೆ ಬಂಡವಾಳ ಹಾಕಿದೋರಿಗೆ ಕೊಟ್ಟು ಉಳಿದಿದ್ದು ತಲೆಗೆ ಸುಮಾರು 20 ಸಾವಿರ ಪೌಂಡ್. ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್‌ಟನ್ ಒಬ್ಬರಿಗೇ ಹಿಂದೆ ಸೋತ ಕೇಸಲ್ಲಿ ಕಟ್ಟು ಅಂದಿದ್ದ ಕೋರ್ಟ್ ಖರ್ಚು 3 ಲಕ್ಷ 21 ಸಾವಿರ ಪೌಂಡ್, ಅದೂ ಸುಮಾರು 25 ಸಾವಿರದ ಶಾರ್ಟಿನ ಜಗಳಕ್ಕೆ. ಮನುಷ್ಯ ದಿವಾಳಿ ಆದ.

ನಿಮ್ಮ ಲೇಖನದಲ್ಲಿ ಒಂದೇ ಒಂದು ಸಾಲೂ ಇಲ್ಲದ ವಿಷಯ ಇನ್ನೊಂದಿದೆ, ಭಾರತದ ಪತ್ರಿಕೆ ಆಗಿ ಅದನ್ನ ಬಿಡಬಾರ್ದಿತ್ತು. ಅಲ್ಲಿ ಕೌಂಟರ್ ಇಟ್ಕೊಂಡಿದ್ದೋರಲ್ಲಿ ನಮ್ಮ ದೇಶದ ಮೂಲದೋರು ಬಹಳ ಜನ. ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಪೋಸ್ಟ್ ಆಫೀಸ್ ಇಟ್ಕೊಂಡಿದ್ದ ಸೀಮಾ ಮಿಶ್ರಾ ಅವರನ್ನ 74 ಸಾವಿರ ಪೌಂಡ್ ಕದ್ರು ಅಂತ 2010ರ ನವೆಂಬರಲ್ಲಿ ಜೈಲಿಗೆ ಹಾಕಿದಾಗ ಅವರು ಎರಡು ತಿಂಗಳ ಬಸುರಿ, ಅವತ್ತು ಮೊದಲ ಮಗನ ಹತ್ತನೇ ಹುಟ್ಟುಹಬ್ಬ. ಆ ಕೇಸು ಗೆದ್ದಿದ್ದಕ್ಕೆ ಪೋಸ್ಟ್ ಆಫೀಸಿನ ಒಳಗೆ, ಹೊರೈಜನ್ ಮೇಲಿನ ದಾಳಿಯನ್ನ ಪುಡಿ ಮಾಡಿದ್ವಿ ಅಂತ ಸಂಭ್ರಮದ ಇಮೇಲ್ ಓಡಾಡಿತ್ತು. 2021ರ ಏಪ್ರಿಲ್ಲಲ್ಲಿ ಶಿಕ್ಷೆ ರದ್ದಾದ 39 ಜನರಲ್ಲಿ ಅವರೂ ಒಬ್ರು. 2023ರಲ್ಲಿ ಇನ್ನೊಂದು ಕಾಗದ ಹೊರಬಂತು, ಶಂಕಿತರನ್ನ ಚರ್ಮದ ಬಣ್ಣ, ಮೂಲದ ಮೇಲೆ ವಿಂಗಡಿಸೋಕೆ ತನಿಖಾ ಅಧಿಕಾರಿಗಳಿಗೆ ಕೊಟ್ಟಿದ್ದ ಪಟ್ಟಿ, ಅದರಲ್ಲಿ 'ಇಂಡಿಯನ್/ಪಾಕಿಸ್ತಾನಿ ಟೈಪ್ಸ್' ಅಂತ ಒಂದು ಕಾಲಂ, ಆಫ್ರಿಕಾ ಮೂಲದೋರಿಗೆ ಬಾಯಲ್ಲಿ ಹೇಳೋಕಾಗದ ಹಳೇ ಪದ. ಪೋಸ್ಟ್ ಆಫೀಸು ಕ್ಷಮೆ ಕೇಳ್ತು. ಡ್ರಾಮಾದ ಮುಖ್ಯ ಪಾತ್ರಗಳಲ್ಲಿ ಸೀಮಾ ಇಲ್ಲ. ನಾಲ್ಕು ಗಂಟೇಲಿ ಎಲ್ಲರನ್ನೂ ತುರುಕೋಕಾಗಲ್ಲ ಅಂತ ಒಪ್ತೀನಿ, ತಪಾಸಣೆಗೆ ಬಂದಿದ್ದ ಇಬ್ಬರನ್ನ ಸೇರ್ಸಿ ಒಂದೇ ಪಾತ್ರ ಮಾಡಿದ್ದನ್ನೂ ಒಪ್ತೀನಿ. ಆದ್ರೂ ಹೆಚ್ಚುಕಮ್ಮಿ ಬಿಳಿಯರ ಹಳ್ಳಿಯ ಕಥೆ ಆಗಿದ್ರಿಂದಾನೇ ಅಲ್ಲಿನ ಜನ ಅಷ್ಟು ಬೇಗ ಮರುಗಿದ್ರಾ ಅಂತ ನಂಗೆ ಅನುಮಾನ ಇದೆ, ಇದನ್ನ ಯಾರಾದ್ರೂ ಅಲ್ಲಿರೋ ಕನ್ನಡದೋರು ಬರೆದ್ರೆ ಓದ್ತೀನಿ.

ಕೋರ್ಟುಗಳು ಯಾಕೆ ನಂಬಿದ್ವು ಅನ್ನೋದಕ್ಕೂ ಒಂದು ಕಾರಣ ಇದೆ, ಇದು ಡ್ರಾಮಾದಲ್ಲಿ ಬರೋಕೆ ಕಷ್ಟ. ಮೊದಲು ಇಂಗ್ಲೆಂಡಲ್ಲಿ ಕಂಪ್ಯೂಟರ್ ದಾಖಲೆ ಕೋರ್ಟಿಗೆ ಕೊಡ್ಬೇಕಾದ್ರೆ ಮಷೀನು ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸ್ಬೇಕಿತ್ತು. 1999ರ ಕಾಯ್ದೆಯಲ್ಲಿ ಅದನ್ನ ತೆಗೆದ್ರು, ಅಲ್ಲಿಂದ ಕಂಪ್ಯೂಟರ್ ಸರಿ ಇದೆ ಅಂತಲೇ ಮೊದಲ ನಂಬಿಕೆ, ಸರಿ ಇಲ್ಲ ಅನ್ನೋನು ಆಧಾರ ತರ್ಬೇಕು. ಹೊರೈಜನ್ ಬಂದಿದ್ದೂ ಅದೇ ಹೊತ್ತಿಗೆ. ಒಳಗಿನ ದಾಖಲೆ ಪೂರ್ತಿ ಕಂಪನಿ ಹತ್ರ, ಹಳ್ಳಿ ಅಂಗಡಿಯೋಳು ಆಧಾರ ಎಲ್ಲಿಂದ ತರ್ಬೇಕು? ನಮ್ಮಲ್ಲಿ ಹಾಗಿಲ್ಲ, ಸರ್ಟಿಫಿಕೇಟ್ ಬೇಕು. ಮುಂಚೆ ಎವಿಡೆನ್ಸ್ ಆಕ್ಟಿನ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನು, ಅದರಲ್ಲಿ ಪರಿಣತರ ಸಹೀನೂ ಸೇರಿದೆ. ಒಳ್ಳೇದೇ. ಆದ್ರೆ ಮಷೀನ್ ಯಾರದ್ದೋ ಅವರ ಕಡೆಯೋರೇ ನಮ್ಮ ಮಷೀನ್ ಚೆನ್ನಾಗಿತ್ತು ಅಂತ ಬರ್ಕೊಟ್ರೆ, ಎದುರಿಗೆ ನಿಂತಿರೋ ಗುಮಾಸ್ತನಿಗೆ ಆ ಮಷೀನಿನ ದೋಷದ ಪಟ್ಟಿ ನೋಡೋ ಹಕ್ಕು ಎಷ್ಟಿದೆ ಅನ್ನೋದು ನಮ್ಮ ವಕೀಲರು ಯೋಚಿಸ್ಬೇಕಾದ ಪ್ರಶ್ನೆ. ನಮ್ಮ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ ಪೋಸ್ಟ್ ಆಫೀಸಿವೆ, ಬಹುಪಾಲು ಹಳ್ಳೀಲಿ. ಸಂಚಯ್ ಪೋಸ್ಟ್, ಮೇಘದೂತ್ ಅನ್ನೋ ಹಳೇ ಸಾಫ್ಟ್‌ವೇರ್‌ಗಳ ಕಾಲ ಹೋಗಿ ಫಿನಾಕಲ್ ಬಂತು, ಬ್ರಾಂಚ್ ಆಫೀಸಿಗೂ ದರ್ಪಣ್ ಮಷೀನು ಬಂತು. ನಮ್ಮಲ್ಲಿ ಹಾಗಾಗಿದೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಬ್ಯಾಂಕು, ಸೊಸೈಟಿ, ರೇಷನ್ ಅಂಗಡಿ ಎಲ್ಲಾ ಕಡೆನೂ ಪರದೆ ಮೇಲಿನ ಅಂಕಿಯೇ ಕೊನೇ ಮಾತು ಆಗ್ತಿರೋ ಕಾಲದಲ್ಲಿ ಈ ಪ್ರಶ್ನೆ ಕೇಳ್ಕೊಂಡಿರೋದು ಒಳ್ಳೇದು ಅಂತಷ್ಟೇ.

ಇನ್ನು ಕನ್ನಡದಲ್ಲಿ ಇಂಥದ್ದು ಬರ್ಲಿ ಅನ್ನೋ ಮಾತು. ನಮ್ಮ ದೇಶದಲ್ಲಿ ಹಗರಣದ ಸೀರೀಸ್ ಅಂದ್ರೆ ಹಗರಣ ಮಾಡಿದೋನೇ ಹೀರೋ. ಬಡವನಾಗಿ ಹುಟ್ಟಿದ, ತಲೆ ಓಡಿಸಿದ, ಕಾರು ತಗೊಂಡ, ಹಿನ್ನೆಲೆ ಸಂಗೀತ, ಕೊನೇಲಿ ಅರೆಸ್ಟು, ಅಷ್ಟೊತ್ತಿಗೆ ನೋಡೋರು ಅವನ ಡೈಲಾಗ್‌ನ ಸ್ಟೇಟಸ್ ಹಾಕ್ಕೊಂಡಿರ್ತಾರೆ. ರಾಜಕಾರಣಿ ಬಂದ್ರೆ ಬಿಳಿ ಷರ್ಟು, ಫಾರ್ಮ್‌ಹೌಸು, ಒಂದು ಕಾಲ್ಪನಿಕ ಪಕ್ಷದ ಬಾವುಟ. ದುಡ್ಡು ಕಳ್ಕೊಂಡೋರು ಒಂದು ಶಾಟಲ್ಲಿ ಗೇಟ್ ಮುಂದೆ ಕೂಗ್ತಿರ್ತಾರೆ. ಈ ಬ್ರಿಟಿಷ್ ಡ್ರಾಮಾ ಕ್ಯಾಮೆರಾ ಇಟ್ಟಿದ್ದು ಉಲ್ಟಾ ಕಡೆ. ಮಂತ್ರಿ ಚೇಂಬರಲ್ಲಿ ಅಲ್ಲ, ಕೌಂಟರ್ ಹಿಂದೆ, ಕ್ಯಾಲ್ಕುಲೇಟರ್ ಪಕ್ಕದಲ್ಲಿ. ಮಂತ್ರಿಗಳು ತಪ್ಪಿಸ್ಕೊಂಡ್ರು ಅಂತ ಮೇಲೆ ದೂರಿದ್ದು ನಾನೇ, ಆದ್ರೆ ಜನ ಟೀವಿ ಬಿಟ್ಟು ಏಳದಿದ್ದಿದ್ದೂ ಅದಕ್ಕೇ, ಎರಡೂ ನಿಜ. ಗ್ವಿನೆತ್ ಹ್ಯೂಸ್ ಅನ್ನೋ ಬರಹಗಾರ್ತಿ ನಿಜವಾದ ಹೆಸರು, ನಿಜವಾದ ಊರು ಇಟ್ಕೊಂಡೇ ಬರೆದ್ರು, 'ಯಾರನ್ನೂ ಉದ್ದೇಶಿಸಿಲ್ಲ' ಅನ್ನೋ ಬೋರ್ಡಿನ ಹಿಂದೆ ಅಡಗ್ಲಿಲ್ಲ. ಅದಕ್ಕೆ ಧೈರ್ಯ ಮಾತ್ರ ಸಾಲಲ್ಲ, ಕೋರ್ಟಿನ ದಾಖಲೆ ಓದಿರ್ಬೇಕು, ಹತ್ತಾರು ಜನರ ಮನೇಲಿ ಕೂತು ಕೇಳಿರ್ಬೇಕು. ಜೊತೆಗೆ ದುಡ್ಡಿನ ಆಸೆ ಬಿಡ್ಬೇಕು, ಅಷ್ಟು ಜನ ನೋಡಿದ್ರೂ ಐಟಿವಿಗೆ ಸುಮಾರು ಹತ್ತು ಲಕ್ಷ ಪೌಂಡ್ ನಷ್ಟ ಅಂತ ಅವರೇ ಹೇಳ್ಕೊಂಡಿದ್ರು. ನಮ್ಮೂರ ಯಾವುದಾದ್ರೂ ಮುಳುಗಿದ ಸೊಸೈಟಿಯ ಠೇವಣಿದಾರರ ಸಭೆಗೆ ಒಬ್ಬ ಸ್ಕ್ರಿಪ್ಟ್ ರೈಟರ್ ಹೋಗಿ ಹಿಂದಿನ ಕುರ್ಚೀಲಿ ಕೂತ್ಕೊಳ್ಳಿ, ಆರು ಎಪಿಸೋಡಿಗಾಗೋಷ್ಟು ಮಾತು ಅಲ್ಲೇ ಸಿಗತ್ತೆ, ಒಂದು ಬಿಳಿ ಷರ್ಟೂ ಬೇಕಾಗಲ್ಲ.

ಕಾನೂನು 2024ರ ಮೇ 24ಕ್ಕೆ ಬಂತು, ಸುನಕ್ ಚುನಾವಣೆ ಘೋಷಿಸಿದ ಎರಡೇ ದಿನಕ್ಕೆ, ಪಾರ್ಲಿಮೆಂಟ್ ಬರ್ಖಾಸ್ತಾಗೋ ಮುಂಚೆ ಅವಸರದಲ್ಲಿ ಪಾಸು ಮಾಡಿದ್ರು. ಬೇಟ್ಸ್‌ಗೆ ಆ ವರ್ಷ ಸರ್ ಪದವಿ ಸಿಕ್ತು. ಪರಿಹಾರದ ದುಡ್ಡು ಮಾತ್ರ ಅದರದ್ದೇ ನಡಿಗೇಲಿ ಬಂತು, ಎಷ್ಟೋ ಜನ ಕಾಯ್ತಾ ಕಾಯ್ತಾನೇ ತೀರ್ಕೊಂಡ್ರು. 2025ರ ಜುಲೈಲಿ ನಿವೃತ್ತ ಜಡ್ಜ್ ವಿನ್ ವಿಲಿಯಮ್ಸ್ ಅವರ ಆಯೋಗ ವರದಿಯ ಮೊದಲ ಸಂಪುಟ ಕೊಟ್ತು, ಕನಿಷ್ಠ 13 ಜನ ಈ ಕಾರಣಕ್ಕೇ ತಮ್ಮ ಪ್ರಾಣ ತಾವೇ ತಗೊಂಡಿರಬಹುದು ಅಂತ ಅದರಲ್ಲಿದೆ. ನಿಮ್ಮ ಲೇಖನದಲ್ಲಿ ಆ ಅಂಕಿ ಇಲ್ಲ, ಟೋಬಿ ಜೋನ್ಸ್ ನಟನೆ ಬಗ್ಗೆ ಮಾತ್ರ ಪೂರಾ ಒಂದು ಪ್ಯಾರಾ ಇದೆ.

ಪೊಲೀಸ್ ತನಿಖೆ ಬೇರೆ ನಡೀತಿದೆ, ಸುಳ್ಳು ಸಾಕ್ಷಿ, ನ್ಯಾಯಕ್ಕೆ ಅಡ್ಡಿ ಅಂತ. ಅದು ಕೋರ್ಟಿಗೆ ಬಂದಾಗ ಟೀವಿ ಪುಟದೋರಿಗೆ ಕೊಡ್ಬೇಡಿ, ಕೋರ್ಟ್ ವರದಿ ಮಾಡೋರಿಗೆ ಕೊಡಿ, ಯಾವ ಕಾಗದದ ಮೇಲೆ ಯಾರ ಸಹಿ ಇತ್ತು, ಅದನ್ನ ಯಾವ ತಾರೀಖಿಗೆ ಯಾವ ಮಂತ್ರಿಯ ಟೇಬಲ್ಲಿಗೆ ಕಳಿಸಿದ್ರು ಅಂತ ಬರೆಸಿ.

ಇಂತಿ,
ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರು
ಶಿವಮೊಗ್ಗ ಜಿಲ್ಲೆ